ಮಾಡಿಸಿದವರು, ಮಾಡಿದವರು

ಬೀದರ ಜಿಲ್ಲೆಯ ಹುಮನಾಬಾದ ತಾಲ್ಲೂಕಿನಲ್ಲಿ ಜಲಸಂಗಿ ಎಂಬ ಗ್ರಾಮವಿದೆ. ಅಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಕಲ್ಮೇಶ್ವರ ದೇವಾಲಯದ ಹೊರಭಿತ್ತಿಯ ಮೇಲೆ ಶಿಲಾಬಾಲಿಕೆಯರ ಸಾಲೊಂದು ಶೋಭಿಸುತ್ತಿದೆ. ಅವರಲ್ಲಿ ಒಬ್ಬಳು ಕಲ್ಲಿನ ಫಲಕದ ಮೇಲೆ ಶಾಸನವನ್ನು ಬರೆಯುತ್ತಿರುವ ಭಂಗಿಯಲ್ಲಿ ನಿಂತಿದ್ದಾಳೆ. ಅವಳು ಬರೆಯುತ್ತಿರುವುದು 1076ರಿಂದ 1126ರವರೆಗೆ ಕಲ್ಯಾಣದಿಂದ ರಾಜ್ಯಭಾರ ಮಾಡಿದ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಪ್ರಶಸ್ತಿ. ನೋಡಲು ಬರುವವರು ಅವಳ ನಿಲುವನ್ನು ಮೆಚ್ಚುತ್ತಾರೆ. ಓದಬಲ್ಲವರು ಅಕ್ಷರಗಳನ್ನು ಓದಿ ದೊರೆಯ ಹೆಸರನ್ನು ತಿಳಿಯುತ್ತಾರೆ. ಆದರೆ ಆ ಬಾಲಿಕೆಯನ್ನೂ, ಅವಳ ಬೆರಳನ್ನೂ, ಬೆರಳು ಬರೆಯುತ್ತಿರುವ ಅಕ್ಷರಗಳನ್ನೂ ಕಡೆದ ಶಿಲ್ಪಿಯ ಹೆಸರನ್ನು ಅವಳು ಬರೆಯುತ್ತಿಲ್ಲ.

ಜಲಸಂಗಿಯಿಂದ ಬಸವಕಲ್ಯಾಣಕ್ಕೆ ಬಂದರೆ ಅಲ್ಲಿಯೂ ಇದೇ ಅನುಭವವಾಗುತ್ತದೆ. ಒಂದು ಕಾಲಕ್ಕೆ ದಕ್ಷಿಣಾಪಥದ ರಾಜಧಾನಿಯಾಗಿದ್ದ ಈ ಊರಿನ ಕೋಟೆಯೊಳಗಿನ ವಸ್ತುಸಂಗ್ರಹಾಲಯದಲ್ಲಿ ಹತ್ತು ಮತ್ತು ಹನ್ನೊಂದನೆಯ ಶತಮಾನಗಳ ಜಿನಬಿಂಬಗಳಿವೆ. ಬಸದಿಗಳು ಅಳಿದುಹೋಗಿವೆ, ಪೂಜೆ ನಿಂತು ಶತಮಾನಗಳೇ ಕಳೆದಿವೆ. ಆದರೂ ಆ ಬಿಂಬಗಳ ಮುಖದ ಪ್ರಶಾಂತತೆ ಕುಂದಿಲ್ಲ. ಆ ಶಾಂತಿಯನ್ನು ಕಲ್ಲಿನೊಳಗಿಂದ ಹೊರಗೆ ತಂದ ಕೈ ಯಾರದು? ಆ ಕೈಗೆ ಸಲ್ಲಬೇಕಾದುದು ಸಂದಿತೇ? ಈ ಪ್ರಶ್ನೆಯನ್ನು ನಮ್ಮ ಸಮಾಜದಲ್ಲಿ ಯಾರೂ ವಿಶೇಷವಾಗಿ ಕೇಳಿದಂತೆ ಕಾಣುವುದಿಲ್ಲ. ಕಲೆಯ ಕುತೂಹಲದಿಂದ ಕೇಳುವುದಕ್ಕಿಂತ ಹೆಚ್ಚಾಗಿ, ಇದು ಶ್ರಾವಕಧರ್ಮದ ದೃಷ್ಟಿಯಿಂದಲೇ ಕೇಳಬೇಕಾದ ಪ್ರಶ್ನೆ.

'ಇಸು' ಪ್ರತ್ಯಯದ ಹೊಣೆ

ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಕ್ರಿಯಾಪದವೆಂದರೆ 'ಮಾಡಿಸಿದಂ' ಎಂಬುದು. ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ಗೊಮ್ಮಟೇಶ್ವರನ ಪಾದದ ಇಕ್ಕೆಲಗಳಲ್ಲಿರುವ ಬರಹಗಳು ಬಿಂಬವನ್ನು ಚಾವುಂಡರಾಯನೂ ಸುತ್ತಾಲಯವನ್ನು ಗಂಗರಾಜನೂ ಮಾಡಿಸಿದರೆಂದು ತಿಳಿಸುತ್ತವೆ. ಮಾಡಿದವರು ಯಾರೆಂಬುದನ್ನು ಅವು ತಿಳಿಸುವುದಿಲ್ಲ. 'ಮಾಡು' ಎಂಬ ಧಾತುವಿಗೆ 'ಇಸು' ಎಂಬ ಪ್ರತ್ಯಯ ಸೇರಿದೊಡನೆ ಕೀರ್ತಿಯು ಒಂದು ಕೈಯಿಂದ ಇನ್ನೊಂದು ಕೈಗೆ ವರ್ಗವಾಗುತ್ತದೆ. ದಾನಚಿಂತಾಮಣಿ ಅತ್ತಿಮಬ್ಬೆಯು ಒಂದು ಸಾವಿರದ ಐನೂರು ಜಿನಬಿಂಬಗಳನ್ನು ಮಾಡಿಸಿದಳೆಂದು ನಾವು ಹೆಮ್ಮೆಯಿಂದ ಹೇಳುತ್ತೇವೆ; ಆ ಹೆಮ್ಮೆ ನ್ಯಾಯವಾದುದೇ. ಆದರೆ ಅಷ್ಟು ಬಿಂಬಗಳಿಗೆ ಎಷ್ಟು ಕಮ್ಮಟಗಳು ದುಡಿದವು, ಎಷ್ಟು ಜನರ ಕಣ್ಣು ಮಂಜಾದವು ಎಂಬುದರ ಗಣನೆ ನಮ್ಮಲ್ಲಿಲ್ಲ.

ಹಿಂದಿನ ಕಾಲದ ರೂಢಿಯೇ ಹಾಗಿತ್ತು ಎಂದು ಹೇಳಿ ಸಮಾಧಾನಪಟ್ಟುಕೊಳ್ಳುವಂತಿಲ್ಲ. ಎಂಟನೆಯ ಶತಮಾನದಲ್ಲಿಯೇ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಸೂತ್ರಧಾರಿ ಗುಂಡ ಅನಿವಾರಿತಾಚಾರಿಗೆ 'ತ್ರಿಭುವನಾಚಾರಿ' ಎಂಬ ಬಿರುದು ಸಂದಿತು. ಅದನ್ನು ಕಲ್ಲಿನಲ್ಲಿಯೇ ಬರೆಸಲಾಯಿತು. ಹನ್ನೆರಡನೆಯ ಶತಮಾನದ ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಾವು ಕಡೆದ ಮೂರ್ತಿಗಳ ಕೆಳಗೆ ತಮ್ಮ ಹೆಸರನ್ನು ಕೊರೆದಿದ್ದಾರೆ. ಇದರಿಂದ ವಿಕ್ರಮಾದಿತ್ಯನ ಕೀರ್ತಿಗಾಗಲಿ ವಿಷ್ಣುವರ್ಧನನ ಕೀರ್ತಿಗಾಗಲಿ ಕುಂದು ಬಂದಿಲ್ಲ. ಆದುದರಿಂದ ಹೆಸರನ್ನು ಬರೆಸುವ ಕ್ರಮ ಈ ನಾಡಿಗೆ ತಿಳಿದೇ ಇತ್ತು.

ಇನ್ನು ಸಿದ್ಧಾಂತದ ಮಾತು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಕರ್ಮದ ಆಸ್ರವಕ್ಕೆ ಜೀವನು ಹೇಗೆ ಆಧಾರನಾಗುತ್ತಾನೆಂಬುದನ್ನು ವಿವರಿಸುತ್ತದೆ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು. ಮನಸ್ಸು, ವಚನ, ಕಾಯ ಎಂಬ ಮೂರು. ಕೃತ, ಕಾರಿತ, ಅನುಮತ ಎಂಬ ಮೂರು. ಕ್ರೋಧ, ಮಾನ, ಮಾಯಾ, ಲೋಭ ಎಂಬ ನಾಲ್ಕು ಕಷಾಯಗಳು. ಇವನ್ನು ಗುಣಿಸಿದರೆ 108 ಭೇದಗಳಾಗುತ್ತವೆ. ಇದರಲ್ಲಿ ವ್ಯವಹಾರಸ್ಥರು ಗಮನಿಸಬೇಕಾದುದು ಕೃತ, ಕಾರಿತ, ಅನುಮತ ಎಂಬ ಮೂರನ್ನು. ತಾನೇ ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿಕೊಂಡದ್ದು — ಈ ಮೂರೂ ಒಂದೇ ಜೀವನ ಖಾತೆಗೆ ಸೇರುತ್ತವೆ.

ಬಿಂಬವನ್ನು ಕಡೆಯದೆಯೂ ದಾನಿಗೆ ಪುಣ್ಯ ಬರುವುದು ಈ 'ಕಾರಿತ'ದ ನಿಯಮದಿಂದಲೇ. ಹಾಗಿದ್ದ ಮೇಲೆ ಬಿಂಬವನ್ನು ಮಾಡಿಸುವಾಗ ನಡೆದ ಹಿಂಸೆಯೂ ಅದೇ ನಿಯಮದಿಂದ ಅದೇ ಖಾತೆಗೆ ಬರಲೇಬೇಕು. ಜಮಾ ಪುಟದಲ್ಲಿ 'ಮಾಡಿಸಿದವನು ನಾನು' ಎಂದು ಬರೆದು, ಖರ್ಚಿನ ಪುಟದಲ್ಲಿ 'ಅದನ್ನು ಮಾಡಿದವರು ಕೆಲಸದವರು' ಎಂದು ಬರೆಯುವ ಲೆಕ್ಕವನ್ನು ಯಾವ ಪರಿಶೋಧಕನೂ ಒಪ್ಪಲಾರನು.

ಕಾರ್ಕಳದ ಕಲ್ಕುಡ

ಈ ಲೆಕ್ಕವನ್ನು ತುಳುನಾಡಿನ ಜನರು ಬಹು ಹಿಂದೆಯೇ ತಮ್ಮದೇ ರೀತಿಯಲ್ಲಿ ಬರೆದಿಟ್ಟಿದ್ದಾರೆ. ಅದು ಕಲ್ಕುಡನ ಪಾಡ್ದನ. ಬಾಯಿಂದ ಬಾಯಿಗೆ ಬಂದ ಈ ಕಥನವನ್ನು ಎ. ಸಿ. ಬರ್ನೆಲ್ ಅವರು ಸಂಗ್ರಹಿಸಿದರು. ಅವರ ನಿಧನದ ನಂತರ 1894ರಿಂದ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಅವರ ಸಂಗ್ರಹ ಅಚ್ಚಾಯಿತು. ಪಾಠಾಂತರಗಳು ಹಲವಾರು ಇದ್ದರೂ ಕಥೆಯ ತಿರುಳು ಒಂದೇ. ಶಂಭು ಕಲ್ಕುಡನೆಂಬ ಶಿಲ್ಪಿ ಬೆಳಗೊಳದಲ್ಲಿ ಗೊಮ್ಮಟನನ್ನು ಕಡೆಯುತ್ತಾನೆ. ಅವನ ಮಗ ಬೀರ ಕಲ್ಕುಡನು ತಂದೆಯನ್ನು ಮೀರಿಸಿದ ಕುಶಲಿ. ಕಾರ್ಕಳದ ಭೈರವ ಅರಸನ ಅಪ್ಪಣೆಯಂತೆ ಅವನು ಅಲ್ಲಿ ಬೃಹತ್ತಾದ ಗೊಮ್ಮಟಮೂರ್ತಿಯನ್ನು ಕಡೆಯುತ್ತಾನೆ. ಕೆಲಸ ಮುಗಿದ ಮೇಲೆ, ಇಂತಹ ಮೂರ್ತಿ ಬೇರೆಲ್ಲಿಯೂ ಆಗಬಾರದೆಂದು ಅರಸನು ಶಿಲ್ಪಿಯ ಎಡಗೈಯನ್ನೂ ಬಲಗಾಲನ್ನೂ ಕಡಿಸುತ್ತಾನೆ. ಕಲ್ಕುಡನು ವೇಣೂರಿಗೆ ಹೋಗಿ, ಉಳಿದ ಒಂದು ಕೈ ಒಂದು ಕಾಲಿನಿಂದಲೇ ಅಲ್ಲಿಯ ಗೊಮ್ಮಟನನ್ನು ಕಡೆಯುತ್ತಾನೆ. ಅಣ್ಣನನ್ನು ಅರಸಿಕೊಂಡು ಬಂದ ತಂಗಿ ಕಾಳಮ್ಮ ಅವನ ಅವಸ್ಥೆಯನ್ನು ಕಂಡು ಕ್ರುದ್ಧಳಾಗುತ್ತಾಳೆ. ಇಬ್ಬರೂ ಮಾಯವಾಗಿ ಕಲ್ಕುಡ-ಕಲ್ಲುರ್ಟಿ ಎಂಬ ದೈವಗಳಾಗಿ ಅರಸನ ಮನೆತನದ ಮೇಲೆ ಸೇಡು ತೀರಿಸಿಕೊಳ್ಳುತ್ತಾರೆ. ತುಳುನಾಡಿನಲ್ಲಿ ಇಂದಿಗೂ ಈ ದೈವಗಳಿಗೆ ಕೋಲಸೇವೆ ನಡೆಯುತ್ತಿದೆ.

ಇತಿಹಾಸದ ದೃಷ್ಟಿಯಿಂದ ಈ ಕಥೆ ನಿಲ್ಲುವುದಿಲ್ಲ. ಕಾರ್ಕಳದ ಮೂರ್ತಿಯನ್ನು ವೀರಪಾಂಡ್ಯನು 1432ರಲ್ಲಿ ಪ್ರತಿಷ್ಠಾಪಿಸಿದನು. ವೇಣೂರಿನ ಮೂರ್ತಿಯನ್ನು ತಿಮ್ಮರಾಜ ಅಜಿಲನು 1604ರಲ್ಲಿ ಪ್ರತಿಷ್ಠಾಪಿಸಿದನು. ನಡುವೆ 172 ವರ್ಷಗಳ ಅಂತರವಿದೆ. ಬೆಳಗೊಳದ ಮೂರ್ತಿಯಾದರೋ ಹತ್ತನೆಯ ಶತಮಾನದ ಕೊನೆಯದು. ತಂದೆ ಮಗ ಇಬ್ಬರೇ ಈ ಮೂರನ್ನೂ ಕಡೆಯಲು ಸಾಧ್ಯವಿಲ್ಲ. ವೀರಪಾಂಡ್ಯನು ಶಿಲ್ಪಿಯ ಕೈ ಕಡಿಸಿದನೆಂದು ಹೇಳುವ ಶಾಸನವೂ ಇಲ್ಲ. ಆದುದರಿಂದ ಈ ಆರೋಪವನ್ನು ಯಾವ ಒಬ್ಬ ಅರಸನ ಮೇಲೂ ಹೊರಿಸುವುದು ನ್ಯಾಯವಲ್ಲ.

ಆದರೆ ಕಥೆಯು ಸುಳ್ಳೆಂದು ಸಾಧಿಸಿದ ಮಾತ್ರಕ್ಕೆ ನಮ್ಮ ಕೆಲಸ ಮುಗಿಯುವುದಿಲ್ಲ. ಜನರು ಈ ಕಥೆಯನ್ನು ಏಕೆ ಇಷ್ಟು ಕಾಲ ಹಾಡಿಕೊಂಡು ಬಂದರು? ಗೊಮ್ಮಟನ ಭವ್ಯತೆಯನ್ನು ಅವರು ಅಲ್ಲಗಳೆಯಲಿಲ್ಲ. ಶಿಲ್ಪಿಯ ಪ್ರತಿಭೆಯನ್ನೂ ಅಲ್ಲಗಳೆಯಲಿಲ್ಲ. ಇವೆರಡರ ನಡುವೆ ನಿಂತ ಅಧಿಕಾರವೊಂದನ್ನು ಮಾತ್ರ ಅವರು ನಂಬಲಿಲ್ಲ. ಇಷ್ಟು ದೊಡ್ಡದನ್ನು ಮಾಡಿಸಿದವನಿಗೆ, ಅದು ತನ್ನದೊಂದೇ ಆಗಿರಬೇಕೆಂಬ ಆಸೆ ಹುಟ್ಟದೆ ಇರಲಾರದು ಎಂಬುದು ಅವರ ಶಂಕೆ. ಆ ಶಂಕೆ ಪೂರ್ತಿ ನಿರಾಧಾರವೂ ಅಲ್ಲ. ವೇಣೂರಿನಲ್ಲಿ ಮೂರ್ತಿ ಸಿದ್ಧವಾಗುತ್ತಿದ್ದಾಗ, ತನ್ನ ಊರಿನ ಮೂರ್ತಿಯ ಕೀರ್ತಿಗೆ ಕುಂದು ಬರುವುದೆಂದು ಕಾರ್ಕಳದ ಅರಸನು ಆಕ್ಷೇಪವೆತ್ತಿ ದಂಡೆತ್ತಿ ಬಂದನೆಂದೂ, ಅಜಿಲನು ಮೂರ್ತಿಯನ್ನು ಫಲ್ಗುಣಿ ನದಿಯ ಮರಳಿನಲ್ಲಿ ಹುದುಗಿಸಿ ಕಾಪಾಡಿದನೆಂದೂ ಐತಿಹ್ಯವಿದೆ. ಈ ಎರಡು ಕಥೆಗಳಲ್ಲಿಯೂ ಅರಸನನ್ನು ಆಳುವುದು ಒಂದೇ ಕಷಾಯ, ಅದು ಮಾನ.

ಇದರಲ್ಲಿರುವ ವೈಪರೀತ್ಯವನ್ನು ವಾಚಕರು ಗಮನಿಸಬೇಕು. ಬಾಹುಬಲಿಯು ಗೆದ್ದ ರಾಜ್ಯವನ್ನು ಗೆದ್ದ ಕ್ಷಣದಲ್ಲಿಯೇ ಬಿಟ್ಟವನು. ಅಣ್ಣನನ್ನು ಎತ್ತಿ ಹಿಡಿದ ತೋಳುಗಳನ್ನು ಇಳಿಸಿ, ಕಾಯೋತ್ಸರ್ಗದಲ್ಲಿ ನಿಂತವನು. 'ನನ್ನದು' ಎಂಬುದನ್ನು ತೊರೆದವನ ಮೂರ್ತಿಯನ್ನೇ 'ನನ್ನದೊಂದೇ' ಎಂದು ಸಾಧಿಸಲು ಹೊರಟ ಅರಸನ ಕಥೆಯನ್ನು ತುಳುನಾಡಿನ ಜನ ಹಾಡಿದರು. ಆ ಅರಸನು ಪರಮತದವನಲ್ಲ, ನಮ್ಮವನೇ. ಈ ಪಾಡ್ದನವನ್ನು ನಮ್ಮ ವಿರುದ್ಧದ ನಿಂದೆಯೆಂದು ತಳ್ಳಿಹಾಕುವುದು ಸುಲಭ. ಇದನ್ನು ನಮಗಾಗಿ ಇಟ್ಟ ಪ್ರತಿಕ್ರಮಣದ ಪಾಠವೆಂದು ಓದುವುದು ಕಷ್ಟವಾದರೂ ಲಾಭಕರ.

ಅಹಿಂಸಾಣುವ್ರತಕ್ಕೆ ಆಚಾರ್ಯರು ಐದು ಅತಿಚಾರಗಳನ್ನು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಶಕ್ತಿ ಮೀರಿದ ಹೊರೆ ಹೊರಿಸುವುದು, ಅನ್ನನೀರನ್ನು ತಡೆಯುವುದು. ಕಲ್ಕುಡನಿಗಾದುದು ಮೂರನೆಯದು. ಇನ್ನುಳಿದವು ಕಥೆಯೊಳಗೇ ಉಳಿದುಕೊಂಡಿವೆಯೇ ಎಂಬುದನ್ನು ನೋಡಲು ದೂರದ ಕಾಲಕ್ಕೆ ಹೋಗಬೇಕಾಗಿಲ್ಲ. ಇಪ್ಪತ್ತನೆಯ ಶತಮಾನವೇ ಸಾಕು.

ಸ್ಪೇನಿನ ಒಂದು ಕಣಿವೆ

ಯೂರೋಪಿನ ಸ್ಪೇನ್ ದೇಶದಲ್ಲಿ 1936ರಿಂದ 1939ರವರೆಗೆ ಅಂತರ್ಯುದ್ಧ ನಡೆಯಿತು. ಗೆದ್ದ ಸೇನಾನಿ ಫ್ರಾಂಕೋ ಮುಂದೆ 1975ರವರೆಗೆ ಸರ್ವಾಧಿಕಾರಿಯಾಗಿ ಆಳಿದನು. 1940ರ ಏಪ್ರಿಲ್ 1ರಂದು ಅವನು ಮ್ಯಾಡ್ರಿಡ್ ಸಮೀಪದ ಬೆಟ್ಟಗಳಲ್ಲಿ 'ಮಡಿದವರ ಕಣಿವೆ' ಎಂಬ ಸ್ಮಾರಕವನ್ನು ನಿರ್ಮಿಸಲು ಆಜ್ಞೆ ಹೊರಡಿಸಿದನು. ಬಂಡೆಯನ್ನು ಕೊರೆದು ಒಳಗೆ ವಿಶಾಲವಾದ ಪ್ರಾರ್ಥನಾಮಂದಿರ. ಮೇಲೆ ಸುಮಾರು 150 ಮೀಟರ್ ಎತ್ತರದ ಶಿಲುಬೆ. 1959ರ ಏಪ್ರಿಲ್ 1ರಂದು ಅದರ ಉದ್ಘಾಟನೆಯಾಯಿತು. ಯುದ್ಧದಲ್ಲಿ ಸೋತ ಪಕ್ಷದ ರಾಜಕೀಯ ಕೈದಿಗಳನ್ನು ಅಲ್ಲಿ ದುಡಿಸಲಾಯಿತು. ದುಡಿದ ದಿನಗಳಿಗೆ ಪ್ರತಿಯಾಗಿ ಶಿಕ್ಷೆಯ ದಿನಗಳನ್ನು ಕಡಿಮೆ ಮಾಡುವ ಏರ್ಪಾಡಿತ್ತು. ಆಚಾರ್ಯರು ಹೇಳಿದ ಬಂಧ, ಅತಿಭಾರಾರೋಪಣ ಎಂಬ ಎರಡು ಅತಿಚಾರಗಳನ್ನು ಇಲ್ಲಿ ಬೇರೆಯಾಗಿ ಹುಡುಕಬೇಕಾಗಿಲ್ಲ.

ಶಿಲುಬೆಯ ಬುಡದಲ್ಲಿರುವ ಬೃಹತ್ ಮೂರ್ತಿಗಳನ್ನು ರೂಪಿಸಿದವನು ಹುವಾನ್ ದೆ ಆವಲೋಸ್ ಎಂಬ ಶಿಲ್ಪಿ. 1911ರಲ್ಲಿ ಮೇರಿದಾ ನಗರದಲ್ಲಿ ಹುಟ್ಟಿದ ಅವನು ಫ್ರಾಂಕೋನ ಪಕ್ಷದವನಾಗಿರಲಿಲ್ಲ. ಸಮಾಜವಾದಿ ಪಕ್ಷದ ಸದಸ್ಯನಾಗಿದ್ದನು. ಯುದ್ಧ ಮುಗಿದ ಮೇಲೆ ಆ ಕಾರಣಕ್ಕಾಗಿಯೇ ಅವನ ಹುದ್ದೆ ಹೋಯಿತು; ಕೆಲವು ವರ್ಷ ಪೋರ್ಚುಗಲ್ ದೇಶದಲ್ಲಿ ನೆಲೆಸಿದನು. ಹಿಂದಿರುಗಿದ ಮೇಲೆ 1950ರ ದಶಕದಲ್ಲಿ ಈ ಕಾರ್ಯ ಅವನ ಪಾಲಿಗೆ ಬಂದಿತು. ಕ್ರೈಸ್ತರ ನಾಲ್ವರು ಸುವಾರ್ತಾಕಾರರ ಮೂರ್ತಿಗಳು, ಸದ್ಗುಣಗಳನ್ನು ಪ್ರತಿನಿಧಿಸುವ ಮೂರ್ತಿಗಳು, ಪ್ರವೇಶದ್ವಾರದ ಮೇಲೆ ಮಗನ ಮೃತದೇಹವನ್ನು ಹಿಡಿದ ಮಾತೆಯ ಶಿಲ್ಪ — ಇವೆಲ್ಲ ಅವನ ಕೃತಿಗಳು. ಬಂಡೆ ಕೊರೆಯುವ ಕೆಲಸದಲ್ಲಿ ಕೈದಿಗಳು ಬಹುಪಾಲು ದುಡಿದದ್ದು ಅವನು ಬರುವುದಕ್ಕೆ ಮೊದಲಿನ ವರ್ಷಗಳಲ್ಲಿ. ಆದರೂ ಅವನ ಮೂರ್ತಿಗಳು ನಿಂತಿರುವುದು ಅದೇ ಬಂಡೆಯ ಮೇಲೆ.

ಆವಲೋಸನನ್ನು ಕುರಿತು ತೀರ್ಪು ಕೊಡುವುದು ಸುಲಭವಲ್ಲ. ಅವನ ಕೈಯನ್ನು ಯಾರೂ ಕಡಿಯಲಿಲ್ಲ; ಬದಲಾಗಿ ಅವನ ಕೈಗೆ ಕೆಲಸ ಕೊಟ್ಟರು. ಆದರೆ ಒಮ್ಮೆ ಜೀವನೋಪಾಯವನ್ನು ಕಸಿದುಕೊಂಡ ಪ್ರಭುತ್ವವೇ ಮತ್ತೆ ಅದನ್ನು ನೀಡಿದಾಗ, ಸ್ವೀಕರಿಸುವವನ ಸಮ್ಮತಿ ಎಷ್ಟರಮಟ್ಟಿಗೆ ಸ್ವತಂತ್ರವಾದುದು? ಇದು ಕಲ್ಕುಡನ ಕಥೆಯ ಇನ್ನೊಂದು ಮುಖ. ಒಬ್ಬ ಅರಸನು ಕಲೆಗಾರನ ಕೈಯನ್ನು ಕಡಿಯುತ್ತಾನೆ. ಇನ್ನೊಬ್ಬನು ಆ ಕೈಯನ್ನು ಕೊಂಡುಕೊಳ್ಳುತ್ತಾನೆ. ಎರಡು ಕಡೆಯಲ್ಲಿಯೂ ಧರ್ಮದ ಮೂರ್ತಿಯು ಅಧಿಕಾರದ ಮುದ್ರೆಯಾಗುತ್ತದೆ.

1975ರ ನವೆಂಬರ್ 20ರಂದು ಫ್ರಾಂಕೋ ನಿಧನನಾದನು. 23ರಂದು ಅವನನ್ನು ಅದೇ ಮಂದಿರದ ಪ್ರಧಾನ ವೇದಿಕೆಯ ಹಿಂದೆ ಸಮಾಧಿ ಮಾಡಲಾಯಿತು. ಮಡಿದವರೆಲ್ಲರ ಸ್ಮಾರಕವೆಂದು ಹೆಸರಿಟ್ಟ ಸ್ಥಳವು ಮಾಡಿಸಿದವನ ಗೋರಿಯಾಯಿತು. ಆದರೆ ಆ ಮುದ್ರೆ ಶಾಶ್ವತವಾಗಲಿಲ್ಲ. ಪ್ರಜಾಪ್ರಭುತ್ವಕ್ಕೆ ಮರಳಿದ ಸ್ಪೇನ್ 2019ರ ಅಕ್ಟೋಬರ್ 24ರಂದು ಅವನ ಅವಶೇಷವನ್ನು ಅಲ್ಲಿಂದ ತೆಗೆದು ಬೇರೆಡೆಗೆ ಸಾಗಿಸಿತು; 2022ರ ಶಾಸನವೊಂದರ ಮೂಲಕ ಕಣಿವೆಯ ಹೆಸರನ್ನೂ ಬದಲಾಯಿಸಿತು. 2006ರಲ್ಲಿ ತೀರಿಕೊಂಡ ಆವಲೋಸನು ಇದನ್ನು ನೋಡಲಿಲ್ಲ. ಅವನ ಮೂರ್ತಿಗಳು ಈಗಲೂ ಅಲ್ಲಿಯೇ ಇವೆ. ಅವುಗಳನ್ನು ಏನೆಂದು ನೋಡಬೇಕೆಂಬ ವಿವಾದವೂ ಮುಗಿದಿಲ್ಲ.

ಅದೇ ವರ್ಷದ ಇನ್ನೊಂದು ಮೂರ್ತಿ

ಫ್ರಾಂಕೋನ ಸಮಾಧಿಯಾದ ಮರು ತಿಂಗಳು, ಅಂದರೆ 1975ರ ಡಿಸೆಂಬರಿನಲ್ಲಿ, ಧರ್ಮಸ್ಥಳದ ರತ್ನಗಿರಿಯ ಮೇಲೆ ಬಾಹುಬಲಿಯ ಮೂರ್ತಿಯನ್ನು ನಿಲ್ಲಿಸಲಾಯಿತು. ಆಗ ನಮ್ಮ ದೇಶದಲ್ಲಿ ತುರ್ತು ಪರಿಸ್ಥಿತಿ ಜಾರಿಯಲ್ಲಿತ್ತು. ಅದೇ ವರ್ಷದ ಜೂನ್ 25ರಂದು ಘೋಷಿತವಾದ ಅದು 1977ರ ಮಾರ್ಚ್ 21ರವರೆಗೆ ನಡೆಯಿತು. ಮೂಲಭೂತ ಹಕ್ಕುಗಳು ಅಮಾನತ್ತಿನಲ್ಲಿದ್ದವು. ಪತ್ರಿಕೆಗಳಿಗೆ ಮುಂಗಡ ಪರಿಶೀಲನೆಯ ಕಟ್ಟುಪಾಡಿತ್ತು. ಭಿತ್ತಿ, ಫಲಕ, ಭಾಷಣಗಳಲ್ಲೆಲ್ಲ ಆಳುವವರ ಹೆಸರೇ ಮೆರೆಯುತ್ತಿದ್ದ ದಿನಗಳವು.

ಈ ಮೂರ್ತಿಯ ಇತಿಹಾಸವೇ ಬೇರೆ. ಇದನ್ನು ಸಂಕಲ್ಪಿಸಿದವರು ಧರ್ಮಸ್ಥಳದ ಶ್ರೀ ರತ್ನವರ್ಮ ಹೆಗ್ಗಡೆಯವರು. ಕಡೆದವರು ಕಾರ್ಕಳದ ಶಿಲ್ಪಿ ರೆಂಜಾಳ ಗೋಪಾಲ ಶೆಣೈಯವರು. ಶೆಣೈಯವರು ಹುಟ್ಟಿನಿಂದ ಜೈನರಲ್ಲ. ಆದರೆ ವೀತರಾಗ ಮುದ್ರೆಯ ಮರ್ಮವನ್ನು ಬಲ್ಲವರು. 1967ರಲ್ಲಿ ಆರಂಭವಾದ ಈ ಕಾರ್ಯ ಅವರ ಇಳಿವಯಸ್ಸಿನ ಸಾಧನೆ. ಕೆಲಸ ಆರಂಭವಾದ ಮರುವರ್ಷವೇ, 1968ರಲ್ಲಿ, ರತ್ನವರ್ಮ ಹೆಗ್ಗಡೆಯವರು ಸ್ವರ್ಗಸ್ಥರಾದರು. ಮಾಡಿಸಿದವರು ಇಲ್ಲವಾದರೂ ಮಾಡುವ ಕೈ ನಿಲ್ಲಲಿಲ್ಲ. ಶ್ರೀಮತಿ ರತ್ನಮ್ಮನವರೂ ಶ್ರೀ ವೀರೇಂದ್ರ ಹೆಗ್ಗಡೆಯವರೂ ಸಂಕಲ್ಪವನ್ನು ಮುಂದುವರಿಸಿದರು. 39 ಅಡಿ ಎತ್ತರದ, ಸುಮಾರು 170 ಟನ್ ಭಾರದ ಆ ಏಕಶಿಲಾಮೂರ್ತಿಯನ್ನು 1973ರಲ್ಲಿ ಬಹುಚಕ್ರಗಳ ವಾಹನದ ಮೇಲೆ ಕಾರ್ಕಳದಿಂದ ಧರ್ಮಸ್ಥಳಕ್ಕೆ ಸಾಗಿಸಿದರು. 1982ರ ಫೆಬ್ರವರಿಯಲ್ಲಿ ಪ್ರತಿಷ್ಠೆಯೂ ಮಹಾಮಸ್ತಕಾಭಿಷೇಕವೂ ನೆರವೇರಿದವು.

ಹೋಲಿಕೆಗೆ ಮಿತಿಯಿದೆ. ಭಾರತದ ಇಪ್ಪತ್ತೊಂದು ತಿಂಗಳ ತುರ್ತು ಪರಿಸ್ಥಿತಿಯನ್ನು ಸ್ಪೇನಿನ ಮೂವತ್ತಾರು ವರ್ಷಗಳ ಸರ್ವಾಧಿಕಾರದೊಡನೆ ಸರಿತೂಗಿಸಲಾಗದು. ಆದರೆ ಒಂದು ಮಾತು ನಿಶ್ಚಿತ. ಮುಕ್ತವಾಗಿ ಮಾತನಾಡಲು ಜನರು ಅಂಜುತ್ತಿದ್ದ ತಿಂಗಳುಗಳಲ್ಲಿಯೂ ಯಾವ ಅಧಿಕಾರದ ಋಣವನ್ನೂ ಹೊರದ ಮೂರ್ತಿಯೊಂದು ಎದ್ದು ನಿಂತಿತು. ಅದನ್ನು ಪ್ರಭುತ್ವವು ಮಾಡಿಸಲಿಲ್ಲ. ಪ್ರಭುತ್ವದ ವಿರುದ್ಧವಾಗಿಯೂ ಮಾಡಿಸಿದ್ದಲ್ಲ. ಇನ್ನೊಂದು ಮಾತು ಅದಕ್ಕಿಂತ ಮುಖ್ಯ. ಅರಸನು ಶಿಲ್ಪಿಯ ಕೈ ಕಡಿಸಿದನೆಂದು ಐತಿಹ್ಯವಿರುವ ಅದೇ ಕಾರ್ಕಳದಲ್ಲಿ, ಐದು ಶತಮಾನಗಳ ನಂತರ ಇನ್ನೊಬ್ಬ ಶಿಲ್ಪಿ ಇನ್ನೊಬ್ಬ ಬಾಹುಬಲಿಯನ್ನು ಕಡೆದರು. ಧರ್ಮಸ್ಥಳದ ಮೂರ್ತಿಯ ಮಾತು ಬಂದಲ್ಲೆಲ್ಲ ಮಾಡಿಸಿದವರ ಹೆಸರಿನೊಂದಿಗೆ ಶೆಣೈಯವರ ಹೆಸರೂ ಬರುತ್ತದೆ. ಕಲ್ಕುಡನ ಪಾಡ್ದನಕ್ಕೆ ಜೈನ ಸಮಾಜವು ಕೊಡಬಹುದಾದ ಉತ್ತರ ಇದೇ. ಕಥೆಯನ್ನು ಖಂಡಿಸುವ ಪ್ರಬಂಧಗಳಲ್ಲ.

ಕಲ್ಲನ್ನು ಕಾಯ್ದ ಪ್ರಭುತ್ವ

ಬಸವಕಲ್ಯಾಣ ಹುಮನಾಬಾದಗಳ ಜನರಿಗೆ ನಿರಂಕುಶ ಪ್ರಭುತ್ವವೆಂದರೇನೆಂದು ಪರದೇಶದ ಕಥೆಯಿಂದ ತಿಳಿಯಬೇಕಾಗಿಲ್ಲ. 1948ರ ಸೆಪ್ಟೆಂಬರ್ 17ರವರೆಗೆ ಈ ಸೀಮೆಯು ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಕಲ್ಯಾಣಿಯು ನವಾಬರ ಜಹಗೀರಾಗಿತ್ತು. ಸಾರ್ವಜನಿಕ ಸಭೆಗಳಿಗೆ ಪೂರ್ವಾನುಮತಿ ಬೇಕಾಗಿತ್ತು. ಪೂಜಾಸ್ಥಳಗಳ ಮೇಲಣ ನಿರ್ಬಂಧವು 1938-39ರ ಆರ್ಯಸಮಾಜದ ಸತ್ಯಾಗ್ರಹಕ್ಕೆ ಒಂದು ಕಾರಣವಾಗಿತ್ತು.

ಆದರೆ ಅದೇ ಪ್ರಭುತ್ವ 1914ರಲ್ಲಿ ಪುರಾತತ್ತ್ವ ಇಲಾಖೆಯನ್ನು ಸ್ಥಾಪಿಸಿತು. ಅದರ ನಿರ್ದೇಶಕರಾದ ಗುಲಾಮ್ ಯಜ್ದಾನಿಯವರು ಬೀದರದ ಸ್ಮಾರಕಗಳನ್ನು ಕುರಿತು ಬರೆದ ಗ್ರಂಥಗಳು ಇಂದಿಗೂ ಆಧಾರಗ್ರಂಥಗಳಾಗಿವೆ. ಅಜಂತಾದ ಚಿತ್ರಗಳ ರಕ್ಷಣೆಗೆ ಇಟಲಿಯಿಂದ ತಜ್ಞರು ಬಂದರು. ಜೈನ ಗುಹೆಗಳನ್ನೂ ಒಳಗೊಂಡ ಎಲ್ಲೋರ ಸಂರಕ್ಷಿತವಾಯಿತು. ಇದಕ್ಕಾಗಿ ನಾವು ಕೃತಜ್ಞರಾಗಿರಬೇಕು. ಆದರೆ ಕಲ್ಲನ್ನು ಕಾಯ್ದ ಪ್ರಭುತ್ವ ಜನರನ್ನು ಕಾಯಲಿಲ್ಲ. 1948ರ ಮೇ ತಿಂಗಳಲ್ಲಿ ಈ ಸೀಮೆಯ ಗೋರಟಾ ಗ್ರಾಮದ ಮೇಲೆ ರಜಾಕಾರರು ನಡೆಸಿದ ಹತ್ಯಾಕಾಂಡವನ್ನು ಇಲ್ಲಿಯ ಜನ ಮರೆತಿಲ್ಲ. ಅದೇ ವರ್ಷದ ಪೊಲೀಸ್ ಕಾರ್ಯಾಚರಣೆಯ ನಂತರ ಬೀದರ ಮೊದಲಾದ ಜಿಲ್ಲೆಗಳಲ್ಲಿ ನಿರಪರಾಧಿ ಮುಸ್ಲಿಮರೂ ಬಲಿಯಾದರೆಂಬುದನ್ನು ಪಂಡಿತ ಸುಂದರಲಾಲರ ಸಮಿತಿ ವರದಿ ಮಾಡಿತು, ಅದನ್ನೂ ಮರೆಯಬಾರದು. ಹಿಂಸೆಯ ಲೆಕ್ಕದಲ್ಲಿ ನಮ್ಮವರು ಅನ್ಯರು ಎಂಬ ಎರಡು ಖಾತೆಗಳಿಲ್ಲ.

ಇಲ್ಲಿ 'ಅನುಮತ'ದ ಪ್ರಶ್ನೆ ಬರುತ್ತದೆ. ಮೂರ್ತಿಯನ್ನು ಮಾಡಿದವರು ಶಿಲ್ಪಿಗಳು, ಮಾಡಿಸಿದವರು ದಾನಿಗಳು. ನೋಡುವ ನಾವು ಅನುಮೋದಿಸುವವರು. ಸುಂದರವಾದುದನ್ನು ಕಂಡು ಮೆಚ್ಚುವಾಗ ಅದರ ಹಿಂದಿನ ನೋವನ್ನು ಕೇಳದಿರುವುದು ಒಂದು ಬಗೆಯ ಒಪ್ಪಿಗೆಯೇ. ಹಾಗೆಂದು ಮೂರ್ತಿಯನ್ನು ನಿರಾಕರಿಸಬೇಕೆಂದಲ್ಲ. ಕಾರ್ಕಳದ ಜನರು ಹಾಗೆ ಮಾಡಲಿಲ್ಲ. ಗೊಮ್ಮಟನಿಗೂ ಕೈಮುಗಿದರು, ಕಲ್ಕುಡನಿಗೂ ಕೋಲಸೇವೆ ಸಲ್ಲಿಸಿದರು. ಒಂದರಿಂದ ಇನ್ನೊಂದನ್ನು ಮುಚ್ಚಲಿಲ್ಲ.

ಬಸದಿಯ ದಫ್ತರದಲ್ಲಿ ಬರೆಯಬೇಕಾದುದು

ಇಂದು ಸಣ್ಣ ಊರುಗಳ ಟ್ರಸ್ಟುಗಳೂ ಹೊಸ ಬಿಂಬಗಳನ್ನು ಮಾಡಿಸುತ್ತಿವೆ. ಅಮೃತಶಿಲೆಯ ಬಿಂಬಗಳು ಬಹುಮಟ್ಟಿಗೆ ರಾಜಸ್ಥಾನದಿಂದ ಬರುತ್ತವೆ. ಮೂರ್ತಿಗಳ ಎತ್ತರದಲ್ಲಿಯೂ ಪೈಪೋಟಿ ಬೆಳೆದಿದೆ. ಬಸವಕಲ್ಯಾಣದಲ್ಲಿ 2012ರಲ್ಲಿ 108 ಅಡಿಯ ಬಸವಣ್ಣನವರ ಮೂರ್ತಿ ನಿಂತಿತು. ಮಹಾರಾಷ್ಟ್ರದ ಮಾಂಗಿ-ತುಂಗಿಯಲ್ಲಿ 2016ರಲ್ಲಿ ಋಷಭದೇವನ 108 ಅಡಿಯ ಮೂರ್ತಿಯ ಪ್ರತಿಷ್ಠೆಯಾಯಿತು. ಭಕ್ತಿಯಿಂದ ನಡೆದ ಕಾರ್ಯಗಳನ್ನು ಆಕ್ಷೇಪಿಸುವುದು ಇಲ್ಲಿಯ ಉದ್ದೇಶವಲ್ಲ. 108 ಎಂಬ ಸಂಖ್ಯೆಯೇ ಆಸ್ರವದ 108 ಭೇದಗಳನ್ನೂ ನೆನಪಿಸಬೇಕೆಂಬುದಷ್ಟೇ ವಿನಂತಿ.

ಸರ್ವಾಧಿಕಾರವು ಸಿಂಹಾಸನದಲ್ಲಿ ಮಾತ್ರ ಕುಳಿತಿರುವುದಿಲ್ಲ. ಹಣ ಕೊಡುವವನಿಗೂ ತೆಗೆದುಕೊಳ್ಳುವವನಿಗೂ ನಡುವೆ ಅದರ ಸಣ್ಣ ರೂಪವೊಂದು ಯಾವಾಗಲೂ ಇರುತ್ತದೆ. ಮುಹೂರ್ತ ಸಮೀಪಿಸಿತೆಂದು ಶಿಲ್ಪಿಗಳನ್ನು ಹಗಲಿರುಳು ದುಡಿಸುವುದು ಅತಿಭಾರಾರೋಪಣವೇ. ಪಂಚಕಲ್ಯಾಣ ಮುಗಿದು ತಿಂಗಳುಗಳಾದರೂ ಬಾಕಿ ಹಣವನ್ನು ತಡೆದಿಡುವುದು ಅನ್ನಪಾನನಿರೋಧವೇ. ವಿದ್ಯುತ್ ಯಂತ್ರಗಳಿಂದ ಕಲ್ಲನ್ನು ಕೊರೆಯುವಾಗ ಏಳುವ ಧೂಳು ಶ್ವಾಸಕೋಶದಲ್ಲಿ ನೆಲೆಸಿ ಸಿಲಿಕೋಸಿಸ್ ಎಂಬ ವಾಸಿಯಾಗದ ವ್ಯಾಧಿಯನ್ನು ತರುತ್ತದೆ. ಕಲ್ಲುಕೆಲಸದವರಲ್ಲಿ ಈ ವ್ಯಾಧಿ ಎಷ್ಟು ಹಬ್ಬಿತೆಂದರೆ ರಾಜಸ್ಥಾನ ಸರ್ಕಾರವು 2019ರಲ್ಲಿ ಇದಕ್ಕಾಗಿಯೇ ಪ್ರತ್ಯೇಕ ನೀತಿಯನ್ನು ಪ್ರಕಟಿಸಬೇಕಾಯಿತು. ಸೂಕ್ಷ್ಮಜೀವಿಗಳ ರಕ್ಷಣೆಗಾಗಿ ನೀರನ್ನು ಸೋಸಿ ಕುಡಿಯುವ ಸಮಾಜವು, ತನ್ನ ಬಿಂಬವನ್ನು ಕಡೆಯುವವನ ಉಸಿರನ್ನು ಕುರಿತು ಒಂದು ಮಾತು ಕೇಳದಿರುವುದು ಹೇಗೆ ಸರಿಯಾದೀತು?

ಆದುದರಿಂದ ಟ್ರಸ್ಟುಗಳ ವಿಚಾರಕ್ಕಾಗಿ ಕೆಲವು ಸೂಚನೆಗಳು. ಬಿಂಬದ ಮೇಲೆ ಬೇಡವೆನಿಸಿದರೆ ಪೀಠದ ಹಿಂಬದಿಯಲ್ಲಾಗಲಿ ಬಸದಿಯ ಗೋಡೆಯ ಫಲಕದಲ್ಲಾಗಲಿ, ದಾನಿಗಳ ಹೆಸರಿನೊಂದಿಗೆ ಶಿಲ್ಪಿಯ ಹೆಸರು, ಊರು, ಇಸವಿಗಳನ್ನು ಬರೆಸಬೇಕು. ಉದ್ಘಾಟನೆಗೆ ಬಂದ ಮಂತ್ರಿಗಳ ಹೆಸರಿಗೆ ಫಲಕದಲ್ಲಿ ದೊರೆಯುವ ಸ್ಥಳದಲ್ಲಿ ಕಾಲು ಭಾಗವಾದರೂ ಶಿಲ್ಪಿಗೆ ದೊರೆಯಲಿ. ಒಪ್ಪಿದ ಹಣ ಪ್ರತಿಷ್ಠೆಗೆ ಮೊದಲೇ ಪೂರ್ತಿಯಾಗಿ ಸಂದು, ಪಾವತಿಯು ದಫ್ತರದಲ್ಲಿರಬೇಕು. ಕೆಲಸದ ಸ್ಥಳದಲ್ಲಿ ಧೂಳಿನ ನಿವಾರಣೆಗೆ ಏರ್ಪಾಡಿದೆಯೇ ಎಂದು ಕರಾರಿಗೆ ಮೊದಲೇ ವಿಚಾರಿಸಬೇಕು. ವೆಚ್ಚ ಹೆಚ್ಚಾದರೆ ಬಿಂಬದ ಎತ್ತರವನ್ನು ಒಂದು ಅಡಿ ತಗ್ಗಿಸಬಹುದು. ಇಂತಹದನ್ನು ಮತ್ತೆಲ್ಲಿಯೂ ಮಾಡಕೂಡದೆಂಬ ಷರತ್ತನ್ನು ಯಾವ ಶಿಲ್ಪಿಯ ಮೇಲೂ ಹೇರಬಾರದು. ಕಾರ್ಕಳದ ಅರಸನ ಕತ್ತಿ ಆ ಷರತ್ತಿನಲ್ಲಿ ಅಡಗಿದೆ.

ಸತ್ಯಾಣುವ್ರತದ ಅತಿಚಾರಗಳಲ್ಲಿ 'ನ್ಯಾಸಾಪಹಾರ' ಎಂಬುದೊಂದು ಇದೆ. ನಂಬಿ ಇಟ್ಟ ಠೇವಣಿಯನ್ನು, ಇಟ್ಟವನು ಮರೆತನೆಂದು ನುಂಗಿಹಾಕುವುದೇ ಅದು. ಶಿಲ್ಪಿಯು ಬಿಂಬವನ್ನು ಒಪ್ಪಿಸಿ ಹೋಗುವಾಗ ತನ್ನ ಹೆಸರನ್ನು ನಮ್ಮಲ್ಲಿ ಠೇವಣಿಯಾಗಿ ಇಟ್ಟು ಹೋಗುತ್ತಾನೆ. ಅವನು ಅದನ್ನು ಮರಳಿ ಕೇಳಲು ಬರುವುದಿಲ್ಲ. ಬಸವಕಲ್ಯಾಣದ ಕೋಟೆಯಲ್ಲಿರುವ ಜಿನಬಿಂಬಗಳನ್ನು ಕಡೆದವರ ಹೆಸರನ್ನು ಇನ್ನು ಯಾರೂ ಹುಡುಕಿ ತರಲಾರರು. ಈ ವರ್ಷ ಬಿಂಬ ಮಾಡಿಸುತ್ತಿರುವ ಬಸದಿಯವರು ಮಾತ್ರ ಶಿಲ್ಪಿಯ ಹೆಸರನ್ನು ಕೇಳಿ ಬರೆದಿಟ್ಟುಕೊಳ್ಳಬಹುದು. ಆ ಶಿಲ್ಪಿ ಇನ್ನೂ ಕೆಲಸ ಮಾಡುತ್ತಿದ್ದಾನೆ.